ಎಡಬಾಗಿಲಿನ ಮೆಟ್ಟಿಲು

ನಾನೂ ನನ್ನ ಹೆಂಡತಿಯೂ ನಮ್ಮ ಹಳೆಯ ಡೀಸೆಲ್ ಗಾಡಿಯಲ್ಲಿ ಹದಿನಾರು ವರ್ಷ ಪಕ್ಕಪಕ್ಕ ಕೂತು ಓಡಾಡಿದ್ದೇವೆ. ಅಷ್ಟೂ ವರ್ಷ ಕಿರುಚಿಕೊಂಡೇ ಮಾತಾಡಿದ್ದೇವೆ. ಜಗಳಕ್ಕಲ್ಲ, ಇಂಜಿನ್ನು ಸೀಟಿನ ಕೆಳಗೇ ಇತ್ತು. ಅದು ಗುಡುಗುಟ್ಟುವಾಗ ಮೆಲ್ಲಗೆ ಹೇಳಿದ ಮಾತು ಹೇಳಿದವರಿಗೇ ಕೇಳಿಸುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತ ಸ್ಕೂಟರಿನವರು ತಿರುಗಿ ನೋಡಿ, ಇವರಿಬ್ಬರಿಗೂ ಬೀದಿಯಲ್ಲೂ ನಾಚಿಕೆಯಿಲ್ಲವೆಂದು ಅಂದುಕೊಳ್ಳುತ್ತಿದ್ದರೋ ಏನೋ.

ನಮ್ಮದು ದಟ್ಟಗಳ್ಳಿಯಲ್ಲಿ ಒಂದು ಸಣ್ಣ ನರ್ಸರಿ. ಮಂಡಕಳ್ಳಿ ಕಡೆಯ ತೋಟಗಳಿಂದ ಸಸಿ ತರುವುದು, ಹೊಸ ಬಡಾವಣೆಯ ಮನೆಗಳಿಗೆ ಗಿಡ, ಕುಂಡ, ಗೊಬ್ಬರ ತಲುಪಿಸುವುದು, ಇಷ್ಟೇ ನಮ್ಮ ವ್ಯಾಪಾರ. ಗಾಡಿ ನನ್ನದು, ಗಿಡದ ವಿದ್ಯೆ ಅವಳದು. ಒಂದು ಮನೆಯ ಗೇಟು ದಾಟುವಷ್ಟರಲ್ಲಿ ಅಲ್ಲಿಗೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ನೀರು ಹಾಕುವವರು ಯಾರು, ಯಾವ ಗಿಡ ಉಳಿಯುತ್ತದೆ ಎಂದು ಅವಳು ಲೆಕ್ಕ ಹಾಕಿಬಿಡುತ್ತಿದ್ದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಅದರ ವರದಿ. "ಅವ್ರಿಗೆ ಗುಲಾಬಿ ಕೊಡ್ಬಾರ್ದಿತ್ತು ಕಣ್ರೀ! ಹದಿನೈದು ದಿನಕ್ಕೆ ಒಣಗಿಸ್ಬುಟ್ಟು ನಮ್ಮನ್ನೇ ಬಯ್ತಾರೆ!" ನಾನು "ಏನು?" ಅನ್ನುವುದು, ಅವಳು ಮತ್ತೆ ಕಿರುಚುವುದು, ನಾನು ಮತ್ತೆ "ಏನು?" ಅನ್ನುವುದು, ಅವಳು ಬೇಸರಗೊಂಡು "ಏನಿಲ್ಲ ಬುಡಿ" ಎಂದು ಕಿಟಕಿ ಕಡೆ ತಿರುಗುವುದು. ಅವಳು ಆಡಿದ್ದರಲ್ಲಿ ಅರ್ಧ ಆ ಇಂಜಿನ್ನಿನ ಪಾಲಾಯಿತು. ಆಗ ನನಗೆ ಅದೊಂದು ನಷ್ಟ ಅನ್ನಿಸಿರಲಿಲ್ಲ. ನಿಜ ಹೇಳಬೇಕೆಂದರೆ, ಕೆಲವು ದಿನ ಕೇಳಿಸಿದರೂ ಕೇಳಿಸದವನ ಹಾಗೆ ಕೂತಿದ್ದೇನೆ.

ಇನ್ನೊಂದು ವಿಷಯ ಹೇಳಬೇಕು. ಅವಳು ಗಾಡಿ ಹತ್ತುವ ರೀತಿ. ಎಡಬಾಗಿಲಿನಿಂದ ಹತ್ತುವವರು ಎಡಗಾಲು ಮೊದಲಿಟ್ಟು, ಬಲಗಾಲು ಒಳಗೆ ಹಾಕಿ ಕೂತರೆ ಸಲೀಸು. ಅವಳು ಮಾತ್ರ ದಿನಾ ಬಲಗಾಲೇ ಮೊದಲಿಡಬೇಕು. ಬಲಗಾಲಿಟ್ಟು ಮೇಲೆ ಹೋಗಿ, ಎಡಗಾಲಿಗೆ ಜಾಗ ಸಾಲದೆ ಒಂದು ಸುತ್ತು ತಿರುಗಿ, ಸೆರಗು ಬಾಗಿಲಿಗೆ ಸಿಕ್ಕಿಸಿಕೊಂಡು, ಅದನ್ನು ಬಿಡಿಸಿಕೊಂಡು ಕೂರುವ ಹೊತ್ತಿಗೆ ನಾನು ಎರಡು ಸಲ ಹಾರನ್ ಹೊಡೆದಿರುತ್ತಿದ್ದೆ. "ಮದುಮಗಳನ್ನ ಮನೆ ತುಂಬಿಸ್ಕೊಂಡಂಗೆ ಆಯ್ತಲ್ಲ ಇದು, ಒಂದು ಸೇರು ಅಕ್ಕಿ ಇಡ್ಲಾ ಒದೆಯೋಕೆ?" ಎಂದು ಛೇಡಿಸುತ್ತಿದ್ದೆ. "ನಿಮಗೇನ್ ಗೊತ್ತು? ಅನ್ನ ಹಾಕೋ ಗಾಡಿ. ಎಡಗಾಲಿಟ್ಟು ಹತ್ತೋದಾ?" ಎಂದು ಅವಳು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಆಮೇಲೆ ಅವಳ ಬಲಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು. ಅದೇ ತಿಂಗಳು ಡೀಸೆಲ್ ಗಾಡಿಯೂ ಇನ್ನು ಆಗುವುದಿಲ್ಲ ಎಂದು ಕೈಚೆಲ್ಲಿತು. ಅವಳು ಹಾಸಿಗೆಯಲ್ಲಿರುವಾಗಲೇ ನಾನು ಎಲೆಕ್ಟ್ರಿಕ್ ಗಾಡಿ ನೋಡಿಬಂದೆ, ಓಡಿಸಿಬಂದೆ. ಶೋರೂಮಿನವರು ಅದರ ಚಾರ್ಜು, ಬ್ಯಾಟರಿ, ಭಾರ ಎಲ್ಲ ಹೇಳುತ್ತಿದ್ದರು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಇದಕ್ಕೆ ಸದ್ದಿಲ್ಲ. ಇದರಲ್ಲಿ ಅವಳು ಪಿಸುಗುಟ್ಟಿದರೂ ನನಗೆ ಕೇಳಿಸುತ್ತದೆ. ಅರವತ್ತು ದಾಟಿದ ಗಂಡಸು ಶೋರೂಮಿನಲ್ಲಿ ನಿಂತು ಇಂಥದ್ದನ್ನು ಬಾಯಿಬಿಟ್ಟು ಹೇಳಲಾಗುವುದಿಲ್ಲ. ಹೂಂ ಹೂಂ ಎಂದು ಬ್ಯಾಟರಿಯ ಬಗ್ಗೆಯೇ ಕೇಳಿಸಿಕೊಂಡೆ.

ಗಾಡಿ ಮನೆಗೆ ಬಂದ ದಿನ ಅವಳು ವಾಕರ್ ಹಿಡಿದು ಬಾಗಿಲಿಗೆ ಬಂದು ಆರತಿ ಎತ್ತಿದಳು. ಚಕ್ರಕ್ಕೆ ನಿಂಬೆಹಣ್ಣು ಇಡಿಸಿದಳು. ಹತ್ತಲಿಲ್ಲ. ಬ್ಯಾಟರಿ ಕೆಳಗಿರುವುದರಿಂದ ಇದರ ನೆಲ ಹಳೆಯದಕ್ಕಿಂತ ಒಂದು ಗೇಣು ಎತ್ತರ. ವಾಕರ್ ಬಿಟ್ಟ ಮೇಲೆ ಒಂದು ದಿನ ನಾನೇ ಪ್ಲಾಸ್ಟಿಕ್ ಸ್ಟೂಲ್ ತಂದಿಟ್ಟೆ. ಅವಳು ಸ್ಟೂಲಿನ ಮೇಲೆ ಕಾಲಿಟ್ಟಳು, ಮೈಭಾರ ಹಾಕಿದಳು, ಸ್ಟೂಲು ಒಂದು ಕಡೆ ವಾಲಿತು. ನಾನು ಹಿಡಿದುಕೊಂಡೆ, ಬೀಳಲಿಲ್ಲ. ಆದರೆ ಅವಳ ಮುಖ ಬಿಳಿಚಿಕೊಂಡಿತ್ತು. "ನಂಗೆ ಬ್ಯಾಡ. ನೀವ್ ಹೋಗ್ಬನ್ನಿ" ಎಂದು ಒಳಗೆ ಹೋದಳು. ಆಮೇಲೆ ನಾನು ಕರೆಯಲಿಲ್ಲ, ಅವಳೂ ಆ ಮಾತು ಎತ್ತಲಿಲ್ಲ.

ಎಂಟು ತಿಂಗಳು ಒಬ್ಬನೇ ಓಡಿಸಿದೆ. ಸದ್ದಿಲ್ಲದ ಗಾಡಿಯಲ್ಲಿ ಒಬ್ಬನೇ ಕೂರುವುದು ಹೇಗಿರುತ್ತದೆ ಎಂದು ಶೋರೂಮಿನವರು ಹೇಳಿಕೊಡುವುದಿಲ್ಲ. ರಿಂಗ್ ರೋಡಿನಲ್ಲಿ ಟೈರು ಉರುಳುವುದು ಕೇಳಿಸುತ್ತದೆ, ಹಿಂದೆ ಕುಂಡಕ್ಕೆ ಕುಂಡ ತಗುಲುವುದು ಕೇಳಿಸುತ್ತದೆ, ನನ್ನ ಉಸಿರು ನನಗೇ ಕೇಳಿಸುತ್ತದೆ. ಹಾಳಾದ ಆ ಡೀಸೆಲ್ ಇಂಜಿನ್ನನ್ನು ಎಷ್ಟು ಬೈದಿದ್ದೆನೋ ಅಷ್ಟೇ ಈಗ ಅದು ಬೇಕು ಅನ್ನಿಸುತ್ತಿತ್ತು. ಮನೆಯಲ್ಲಿ ಅವಳು ಇದ್ದಳು, ನಿಜ. ಬೆಳಿಗ್ಗೆ ಸಂಜೆ ಮಾತು ಆಗುತ್ತಿತ್ತು. ಆದರೆ ಮನೆಯ ಮಾತೇ ಬೇರೆ. ಅಲ್ಲಿ ಮಾತ್ರೆ, ಸಾರು, ಗ್ಯಾಸ್ ಸಿಲಿಂಡರ್. ಎದುರಿಗೆ ರಸ್ತೆ ಇಟ್ಟುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಆಡುವ ಮಾತು ಮನೆಯಲ್ಲಿ ಬರುವುದಿಲ್ಲ.

ಒಂದು ದಿನ ಒಂದು ಸಂಪಿಗೆ ಸಸಿಯ ಕುಂಡವನ್ನು ಹಿಂದೆ ಜಾಗವಿಲ್ಲದೆ ಎಡಗಡೆ ಸೀಟಿನಲ್ಲಿಟ್ಟು, ಉರುಳದಿರಲಿ ಎಂದು ಬೆಲ್ಟ್ ಹಾಕಿದೆ. ಗಿರಾಕಿ ಆಮೇಲೆ ಸಂಪಿಗೆ ಬೇಡ ಎಂದರು. ನಾನು ಅದನ್ನು ಇಳಿಸಲಿಲ್ಲ. ವಾರಗಟ್ಟಲೆ ಅದು ಬೆಲ್ಟ್ ಹಾಕಿಕೊಂಡು ನನ್ನ ಜೊತೆ ಮಂಡಕಳ್ಳಿಗೆ ಹೋಗಿ ಬಂತು. "ಆ ಮನೆಯವರು ಕರಿಬೇವು ಕೇಳ್ತಿದ್ದಾರೆ, ನೆರಳಲ್ಲಿ ಬರುತ್ತಾ?" ಎಂದು ಒಂದು ಸಲ ಅದನ್ನು ಕೇಳಿಯೂ ಬಿಟ್ಟೆ. ಅದು ಹೂಂಗುಟ್ಟಲಿಲ್ಲ. ಅವತ್ತು ಗಾಡಿ ಪಕ್ಕಕ್ಕೆ ಹಾಕಿದೆ. ಅವಳು ಬೇಕು ನನಗೆ ಈ ಸೀಟಿನಲ್ಲಿ, ಅಷ್ಟೇ, ಎಂದು ಅನ್ನಿಸಿತು.

ಅದೇ ವಾರ ಫೋನಿನಲ್ಲಿ ಹುಡುಕಿ ಫುಟ್‌ಬೋರ್ಡ್ ತರಿಸಿದೆ. ಬಾಗಿಲ ಕೆಳಗೆ ಉದ್ದಕ್ಕೆ ಕೂರುವ ಮೆಟ್ಟಿಲು ಅದು, ಮೇಲೆ ಜಾರದ ಹಾಗೆ ರಬ್ಬರ್ ಪಟ್ಟಿ. ಕಂಪನಿಯವರು ಗಾಡಿಯ ಜೊತೆ ಕೊಡುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಅವಳಿಗೆ ಹೇಳಲಿಲ್ಲ. ಹೇಳಿದರೆ "ನಂಗೋಸ್ಕರ ಏನೂ ಬ್ಯಾಡ" ಎಂದು ಮೊದಲೇ ಅಡ್ಡಗಾಲು ಹಾಕುತ್ತಾಳೆ. ಎತ್ತರ ಮಾತ್ರ ಸರಿಯಾಗಿ ಬೇಕಿತ್ತು. ನಮ್ಮ ಜಗಲಿಯ ಮೆಟ್ಟಿಲನ್ನು ಅವಳು ದಿನಾ ಹತ್ತಿ ಇಳಿಯುತ್ತಿದ್ದಳು. ಅವಳು ತರಕಾರಿಗೆ ಹೋದಾಗ ಟೇಪು ಹಿಡಿದು ಅದರ ಎತ್ತರ ಅಳೆದು, ಅಂಗೈಯಲ್ಲಿ ಬರೆದುಕೊಂಡೆ. ಬಹಳ ಜಾಣತನ ಮಾಡಿದೆನೆಂದು ಬೀಗಿದೆ ಕೂಡ.

ಭಾನುವಾರ ಬೆಳಿಗ್ಗೆ ಹಿನಕಲ್ಲಿನಿಂದ ನಮ್ಮ ಹಳೆಯ ಮೇಸ್ತ್ರಿಯನ್ನು ಕರೆಸಿದೆ. ಡೀಸೆಲ್ ಗಾಡಿಯನ್ನು ಹದಿನಾರು ವರ್ಷ ಬದುಕಿಸಿದವರು ಅವರೇ. ಎಲೆಕ್ಟ್ರಿಕ್ ಗಾಡಿ ಕಂಡರೆ ಅವರಿಗಾಗದು. ಬಗ್ಗಿ ಕೆಳಗೆ ನೋಡಿದರು, ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡಿತು, ಹಾಗೇ ಹಿಂದೆ ಸರಿದರು.

"ಇದೇನ್ ಸ್ವಾಮಿ, ಆಯಿಲ್ ಇಲ್ಲ, ವಾಸ್ನೆ ಇಲ್ಲ. ಕೈ ಇಟ್ರೆ ಎಂಗೆ?"

"ಕೇಬಲ್ ಮುಟ್ಬೇಡಿ, ಮಿಕ್ಕಿದ್ದೆಲ್ಲ ಮುಟ್ಟಿ" ಎಂದೆ.

ಕೀ ತೆಗೆದು ಜೇಬಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟೆವು. ನಾನು ಗೋಣಿಚೀಲ ಹಾಸಿಕೊಂಡು ಎಡಬಾಗಿಲಿನ ಕೆಳಗೆ ಮಲಗಿದೆ. ಬೋರ್ಡಿನ ಕೆಳಗೆ ಮೂರು ಬ್ರಾಕೆಟ್ ಸಿಕ್ಕಿಸಿ, ಗಾಡಿಯ ಅಡಿ ಚೌಕಟ್ಟಾದ ಚಾಸಿಯಲ್ಲಿ ಮೊದಲೇ ಇರುವ ತೂತುಗಳಿಗೆ ಅವನ್ನು ಕೂರಿಸುವುದು. ಚೀಟಿಯಲ್ಲಿ ಬರೀ ಚಿತ್ರ. ಚಿತ್ರದಲ್ಲಿ ಎಲ್ಲವೂ ನಗುನಗುತ್ತಾ ಕೂರುತ್ತದೆ. ನಮ್ಮಲ್ಲಿ ಎರಡು ಬ್ರಾಕೆಟ್ ಕೂತವು, ಮೂರನೆಯದರ ತೂತು ಅರ್ಧ ಬೆರಳು ಆಚೆ.

"ಡ್ರಿಲ್ ತನ್ನಿ, ಇಲ್ಲೊಂದ್ ತೂತ ಹೊಡ್ದ್ರಾಯ್ತು ಬುಡಿ" ಅಂದರು ಮೇಸ್ತ್ರಿ.

"ಅದರ ಹಿಂದೆನೇ ಬ್ಯಾಟರಿ ಪೆಟ್ಟಿಗೆ ಇರೋದು. ಅಲ್ಲಿಗೆ ಡ್ರಿಲ್ ಹಾಕಿದ್ರೆ ನೀವೂ ಇಲ್ಲ, ನಾನೂ ಇಲ್ಲ!" ಪಿತ್ತ ನೆತ್ತಿಗೇರಿ ಸ್ಪ್ಯಾನರ್ ಎಸೆದೆ. ಅದು ಚರಂಡಿ ಕಲ್ಲಿಗೆ ಬಡಿದು ಠಣ್ ಎಂದಿತು.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅವಳು ತಲೆ ಎತ್ತಿದಳು. "ಕುಂಡ ಇಳ್ಸೋರಿಗೆ ಮೆಟ್ಲು ಹಾಕೋಕೆ ಇಷ್ಟೊಂದ್ ಕೋಪನಾ? ಕಾಫಿ ಕುಡ್ದು ಮಾಡಿ." ಕೂಲಿಯವರಿಗಾಗಿ ಹಾಕುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ನಾನು ತಿದ್ದಲಿಲ್ಲ.

ಕಾಫಿ ಕುಡಿದ ಮೇಲೆ ಮೇಸ್ತ್ರಿಗೇ ಬುದ್ಧಿ ಹೊಳೆಯಿತು. ಮೂರೂ ಬ್ರಾಕೆಟ್ಟಿನ ನಟ್ಟುಗಳನ್ನು ಸಡಿಲಿಸಿ, ಬೋರ್ಡನ್ನು ಮೊಣಕಾಲಿನಿಂದ ಮೆಲ್ಲಗೆ ಹಿಂದಕ್ಕೆ ದೂಡಿದರು. ಮೂರನೆಯ ತೂತು ತಾನಾಗಿ ಎದುರು ಬಂತು. "ಮೊದ್ಲೇ ಬಿಗಿ ಮಾಡ್ಬುಟ್ರೆ ಯಾವ್ದೂ ಕೂರಾಕಿಲ್ಲ ಸ್ವಾಮಿ. ಎಲ್ಲಾನೂ ಸಡ್ಲ ಬುಟ್ಕಂಡು ಆಮ್ಯಾಕೆ ಒಂದೊಂದೇ ಬಿಗೀಬೇಕು" ಎಂದು ನನಗೇ ಪಾಠ ಹೇಳಿದರು. ಜಗಲಿಯ ಮೆಟ್ಟಿಲಿನ ಎತ್ತರಕ್ಕೆ ಟೇಪು ಹಿಡಿದು ಸರಿಮಾಡಿ ಬಿಗಿದೆವು. ನಾನು ಹತ್ತಿ ನಿಂತೆ. ಮೇಸ್ತ್ರಿ ಹತ್ತಿ ನಿಂತರು. ಇಬ್ಬರೂ ನಿಂತು ಕುಣಿದೆವು, ಅಲುಗಲಿಲ್ಲ. ಬಲಗಡೆಯ ಬೋರ್ಡು ಅರ್ಧ ಗಂಟೆಯಲ್ಲಿ ಕೂತಿತು. ಮೇಸ್ತ್ರಿ ಕೈ ತೊಳೆದು, ಅವಳಿಂದ ಒಂದು ಬೊಗಸೆ ಅವರೆಕಾಳು ಇಸಿದುಕೊಂಡು ಹೊರಟರು.

ನಾನು ಸಂಪಿಗೆ ಕುಂಡದ ಬೆಲ್ಟ್ ಬಿಚ್ಚಿ ಕೆಳಗಿಳಿಸಿದೆ. ಎಡಗಡೆಯ ಸೀಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಜಗಲಿಯ ಹತ್ತಿರ ಹೋಗಿ ನಿಂತೆ.

"ಇದು ಕೂಲಿಯವರಿಗಲ್ಲ ಕಣೇ. ನಿಂಗೆ."

ಅವಳ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಗಾಡಿಯನ್ನೂ ನನ್ನನ್ನೂ ನೋಡಿದಳು. ಎದ್ದು ಒಳಗೆ ಹೋದಳು. ಕೆಟ್ಟೆ ಎಂದುಕೊಂಡೆ. ಐದು ನಿಮಿಷ ಬಿಟ್ಟು ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಸೀರೆ ಬದಲಾಯಿಸಿ ಬಂದಳು.

ಒಂದು ಕೈಯಲ್ಲಿ ಬಾಗಿಲ ಹಿಡಿಕೆ, ಇನ್ನೊಂದು ಕೈ ನನ್ನ ಭುಜದ ಮೇಲೆ. ಬಲಗಾಲು ಎತ್ತಿ ಬೋರ್ಡಿನ ಮೇಲಿಟ್ಟಳು. ಎತ್ತರ ಕರಾರುವಾಕ್ಕಾಗಿತ್ತು. ಮೈ ಎತ್ತಲು ನೋಡಿದಳು. ಮಂಡಿ ನಡುಗಿತು. ಇನ್ನೊಮ್ಮೆ ಉಸಿರು ಬಿಗಿಹಿಡಿದು ಎತ್ತಿದಳು, ಆಗಲಿಲ್ಲ. ಕಾಲು ಕೆಳಗಿಳಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಎತ್ತರ ಸರಿ ಇದೆಯಲ್ಲೇ, ಜಗಲಿಯಷ್ಟೇ ಇಟ್ಟಿದೀನಿ. ಅದನ್ನ ಹತ್ತೀಯಲ್ಲ?" ಎಂದೆ. ನನ್ನ ದನಿ ನನಗೇ ಜಗಳದ ಹಾಗೆ ಕೇಳಿಸಿತು.

"ಜಗಲಿನ ಎಡಗಾಲಲ್ಲಿ ಹತ್ತೀನಿ ಕಣ್ರೀ. ಹತ್ತೋವಾಗ ಗಟ್ಟಿ ಕಾಲು ಮೊದ್ಲು, ಆಪರೇಷನ್ ಆಗಿದ್ದು ಆಮೇಲೆ ಅಂತ ಆಸ್ಪತ್ರೇಲಿ ಹೇಳಿರ್ಲಿಲ್ವಾ? ನೀವೂ ಅಲ್ಲೇ ಇದ್ರಲ್ಲ."

ನಾನು ಅಲ್ಲೇ ಇದ್ದೆ. ಫೋನಿನಲ್ಲಿ ಗಾಡಿ ನೋಡುತ್ತಿದ್ದೆ. ಎಂಟು ತಿಂಗಳು ಅವಳು ನನ್ನ ಕಣ್ಣೆದುರಿಗೇ ಎಡಗಾಲಿಟ್ಟು ಮೆಟ್ಟಿಲು ಹತ್ತಿದ್ದಾಳೆ. ನಾನು ಅಳೆದದ್ದು ಮೆಟ್ಟಿಲನ್ನು, ಅವಳ ಕಾಲನ್ನು ಒಂದು ದಿನವೂ ನೋಡಿಲ್ಲ. ನಾಚಿಕೆಯಾಯಿತು.

"ಹಾಗಾದ್ರೆ ಇದನ್ನೂ ಎಡಗಾಲಲ್ಲೇ ಹತ್ತು."

"ಹೊಸಾ ಗಾಡಿಗೆ, ಮೊದಲ್ನೇ ಸಲ, ಎಡಗಾಲಾ?" ಅವಳು ತಲೆ ಆಡಿಸಿದಳು. "ನಾಳೆ ನಿಮಗೇನಾದ್ರೂ ಆದ್ರೆ? ಆವಾಗ ನನ್ನ ಜೀವ ತಡಿಯುತ್ತಾ? ಅದಕ್ಕೇ ನಾನು ಬರ್ದೇ ಇದ್ದಿದ್ದು. ಬರೋ ಆಸೆ ಇಲ್ದೇ ಅಲ್ಲ."

ಅಷ್ಟು ತಿಂಗಳೂ ನಾನು ಸೀಟಿಗೆ ಅವಳು ಬೇಕೆಂದು ಕೊರಗುತ್ತಿದ್ದೆ, ಅವಳು ನನಗೇನೂ ಆಗದಿರಲಿ ಎಂದು ಜಗಲಿಯಲ್ಲೇ ಕೂತಿದ್ದಳು. ನಾನು ಇಂಥ ಶಾಸ್ತ್ರಗಳನ್ನು ನಂಬುವವನಲ್ಲ. ಆದರೆ ಆ ಹೊತ್ತಿನಲ್ಲಿ ನಗುವ ಧೈರ್ಯ ಬರಲಿಲ್ಲ. ಬೋರ್ಡಿನ ಕಡೆ ನೋಡಿದೆ. ಹೊಸ ಕಪ್ಪು ರಬ್ಬರಿನ ಮೇಲೆ ಅವಳ ಚಪ್ಪಲಿಯ ಮಣ್ಣಿನ ಗುರುತು ಹಾಗೇ ಇತ್ತು.

"ನೋಡಿಲ್ಲಿ. ಮೊದಲ್ನೇ ಸಲ ಬಲಗಾಲೇ ಇಟ್ಟಾಗಿದೆ. ಶಾಸ್ತ್ರ ಮುಗೀತು. ಈಗ ಹತ್ತೋದು ಎರಡನೇ ಸಲ."

ಅವಳು ಆ ಗುರುತನ್ನು ಬಗ್ಗಿ ನೋಡಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಗಿಡ ಮಾರೋದ್ ಬುಟ್ಟು ಲಾಯರ್ ಆಗ್ಬೇಕಿತ್ತು ನೀವು" ಅಂದಳು. ಎಡಗಾಲು ಬೋರ್ಡಿನ ಮೇಲಿಟ್ಟಳು. ಮೇಲೆದ್ದಳು. ಬಲಗಾಲು ಸಲೀಸಾಗಿ ಒಳಗೆ ಹೋಯಿತು. ಒಂದು ಸುತ್ತು ತಿರುಗಲಿಲ್ಲ, ಸೆರಗು ಬಾಗಿಲಿಗೆ ಸಿಕ್ಕಲಿಲ್ಲ. ಹದಿನಾರು ವರ್ಷದಲ್ಲಿ ಮೊದಲ ಸಲ ಅವಳು ನನಗಿಂತ ಮುಂಚೆ ಕೂತಿದ್ದಳು.

ನಾನು ಬೆಲ್ಟ್ ಹಾಕಿಕೊಟ್ಟೆ. ಗಾಡಿ ಹೊರಟಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗೇಟು ಹಿಂದಕ್ಕೆ ಹೋಗುವುದನ್ನು ಕಂಡು ಹಿಡಿಕೆ ಗಟ್ಟಿ ಹಿಡಿದುಕೊಂಡಳು. ರಿಂಗ್ ರೋಡು ಸೇರಿದೆವು. ಆಮೇಲೆ ಒಂದು ಹೊಸ ಮನೆಯ ಬಾಲ್ಕನಿ ಕಂಡಿತು.

"ಅಲ್ಲಿ ಇಡೀ ದಿನ ಬಿಸ್ಲು ಕಣ್ರೀ! ದಾಸವಾಳ ಇಟ್ರೆ ಚೆನ್ನಾಗ್ ಬರುತ್ತೆ!"

ಗಂಟಲು ಹರಿಯುವ ಹಾಗೆ ಕಿರುಚಿದಳು. ಡೀಸೆಲ್ ಗಾಡಿಯಲ್ಲಿ ಕಿರುಚುತ್ತಿದ್ದ ಅದೇ ದನಿ. ಪಕ್ಕದ ಸ್ಕೂಟರಿನವರು ತಿರುಗಿ ನೋಡಿದರು. ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ ಎಂದು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. "ಹೌದು ಕಣೇ!" ಎಂದು ನಾನೂ ಅಷ್ಟೇ ಜೋರಾಗಿ ಕಿರುಚಿದೆ.

ಮಂಡಕಳ್ಳಿ ಕಡೆ ತಿರುಗುವಲ್ಲಿ ಅವಳು ಮತ್ತೆ ಕೂಗಿದಳು. "ನಾಳೆನೂ ಬರ್ತೀನಿ ಕಣ್ರೀ!"

ಒಂದೊಂದು ಅಕ್ಷರವೂ ಕೇಳಿಸಿತು.

"ಏನು? ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು" ಎಂದೆ.