ಹನ್ನೆರಡು ಹಾಳೆ ನೆಮ್ಮದಿ

ನಾನು ಮೇಷ್ಟ್ರಾಗಿದ್ದ ಊರಿನಲ್ಲಿ ಒಂದು ಇಡೀ ವರ್ಷ ಕಳ್ಳತನವೇ ಆಗಲಿಲ್ಲ. ಹಾಗೆಂದು ನಾನೇ ಬರೆದಿದ್ದೇನೆ, ಐವರು ದೊಡ್ಡ ಮನುಷ್ಯರು ಕೆಳಗೆ ರುಜು ಹಾಕಿದ್ದಾರೆ. ಇಷ್ಟರ ಮೇಲೆ ಅದು ಸುಳ್ಳಾಗುವುದು ಹೇಗೆ?

ಏಕೀಕರಣವಾಗಿ ಒಂದೆರಡು ವರ್ಷವಾಗಿತ್ತು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಹಾರನಹಳ್ಳಿಯಿಂದ ನಡೆದೇ ಹೋಗಬಹುದಾದ ಒಂದು ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರಿಗಿಂತ ನನಗೇ ಹೆಚ್ಚು ನಾಚಿಕೆ. ಅಲ್ಲಿ ಒಂದು ಪೊಲೀಸ್ ಹೊರಠಾಣೆ ಇತ್ತು. ಠಾಣೆ ಎಂದರೆ ಬಾಡಿಗೆಯ ಹೆಂಚಿನ ಮನೆ, ಒಬ್ಬ ದಫೇದಾರ, ಇಬ್ಬರು ಪೇದೆಗಳು, ಚೈನು ಸದಾ ಕಳಚಿಕೊಳ್ಳುವ ಒಂದು ಸೈಕಲ್ಲು. ಹಳ್ಳಿ ಹಳ್ಳಿ ಸುತ್ತಿ ಬೀಟು ಮಾಡಬೇಕಾದ ದಫೇದಾರ ಪಟೇಲರ ಜಗಲಿಯಲ್ಲಿ ಕೂತು, ಬೀಟಿನ ಪುಸ್ತಕ ಅಲ್ಲಿಗೇ ತರಿಸಿಕೊಂಡು, ಎಲೆ ಅಡಿಕೆ ಮುಗಿಯುವುದರೊಳಗೆ ಎಂಟು ಹಳ್ಳಿ ಸುತ್ತಿ ಬರುತ್ತಿದ್ದ. ಅಷ್ಟು ಚುರುಕಾದ ಕಾಲು ನಾನು ಬೇರೆಲ್ಲೂ ಕಂಡಿಲ್ಲ.

ಪೊಲೀಸರ ಕೆಲಸವನ್ನು ಜನರೇ ನೋಡಿಕೊಳ್ಳಲಿ ಎಂದು ಮೇಲಿನವರಿಗೆ ಆ ಕಾಲದಲ್ಲಿ ಹೊಳೆಯಿತು. ಊರಿನಲ್ಲಿ ಐದು ಜನರ ಸಮಿತಿ ಆಯಿತು. ಪಟೇಲರು ಅಧ್ಯಕ್ಷರು. ಉಳಿದ ನಾಲ್ವರು ಪಟೇಲರು ಕೆಮ್ಮಿದರೂ ಹೌದು ಎನ್ನುವವರು. ಬೀಟು ಸರಿಯಾಗಿ ನಡೆಯುತ್ತಿದೆಯೇ, ಏನಾದರೂ ಕಳ್ಳತನವಾಯಿತೇ ಎಂದು ವಿಚಾರಿಸಿ, ಪ್ರತಿ ತಿಂಗಳ ಕೊನೆಗೆ ಹುಣಸೂರಿನ ಮೇಲಿನ ಕಚೇರಿಗೆ ಒಂದು ಪತ್ರ ಕಳಿಸಬೇಕು. ಯಾವ ಹೊರಠಾಣೆಯ ಕಡೆ ವರ್ಷವಿಡೀ ನೆಮ್ಮದಿ ಇರುತ್ತದೋ ಅಲ್ಲಿಗೆ ಸ್ವಂತ ಕಲ್ಲಿನ ಕಟ್ಟಡ ಮಂಜೂರಾಗುತ್ತದೆ ಎಂಬ ಸುದ್ದಿ ಬೇರೆ ಹಬ್ಬಿತ್ತು. ಏನೂ ಬೆಳೆಯದ ಪಟೇಲರ ಒಂದು ಕಲ್ಲುನೆಲ ರಸ್ತೆಯ ಪಕ್ಕದಲ್ಲೇ ಬಿದ್ದಿತ್ತು. ಸರ್ಕಾರ ಅದನ್ನು ಕೊಳ್ಳುತ್ತದೆಂದು ಅವರು ಆಗಲೇ ಅಳತೆ ಹಾಕಿಸಿಟ್ಟಿದ್ದರು.

ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಅಕ್ಷರ ದುಂಡಗೆ, ಚೆಂದ. ಆ ಚೆಂದಕ್ಕೆ ಬೆಂಕಿ ಬೀಳಲಿ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಯುಗಾದಿ ಕಳೆದ ವಾರ ಸಮಿತಿ ಮೊದಲ ಸಲ ಸೇರಿತು. ಮೊದಲ ಪತ್ರ ಬರೆದು ರುಜುವಿಗೆ ಮುಂದಿಟ್ಟಾಗ ಪಟೇಲರು ನಿಟ್ಟುಸಿರು ಬಿಟ್ಟರು. "ಏನ್ ಮೇಷ್ಟ್ರೇ, ತಿಂಗ್ಳು ತಿಂಗ್ಳೂ ಐದು ಜನ ಒಟ್ಗೆ ಸೇರಾಕಾಯ್ತದಾ? ಒಬ್ಬ ಒಲದಲ್ಲಿರ್ತಾನೆ, ಒಬ್ಬ ಸಂತೇಲಿರ್ತಾನೆ. ಅನ್ನೆರಡೂ ಒಂದೇ ಸಾರಿ ಬರ್ಕಂಡ್ ಬನ್ನಿ, ರುಜು ಆಕಿ ಬಿಸಾಕ್ತೀವಿ ಅತ್ತಾಗೆ."

ಯಾರೂ ನಗಲಿಲ್ಲ. ಎಂಥ ಜಾಣತನ ಎಂದು ನಾಲ್ವರೂ ತಲೆದೂಗಿದರು. ದಫೇದಾರನಂತೂ ಕೈ ಮುಗಿದುಬಿಟ್ಟ. ನಾನೂ ತಲೆದೂಗಿದೆ. ತಿಂಗಳಿಗೊಮ್ಮೆ ಅವರ ಮನೆ ಬಾಗಿಲಿಗೆ ಅಲೆಯುವುದು ತಪ್ಪಿತಲ್ಲ ಎಂಬುದಷ್ಟೇ ನನ್ನ ಯೋಚನೆ.

ನಾನಿದ್ದದ್ದು ಒಬ್ಬ ವಿಧವೆಯ ಮನೆಯ ಮುಂದಿನ ಕೋಣೆಯಲ್ಲಿ. ಮಕ್ಕಳಿಲ್ಲದ ಹೆಂಗಸು, ಎರಡು ಎಕರೆ ಹೊಲ, ಒಂದು ಜೊತೆ ಎತ್ತು. ಒಂದು ಎತ್ತಿನ ಬಲಕೊಂಬಿನ ತುದಿ ಮುರಿದಿತ್ತು, ಇನ್ನೊಂದರ ಕಿವಿ ಸೀಳಿತ್ತು. ಮೈದುನ ನೇಗಿಲು ಹಿಡಿಯುತ್ತಿದ್ದ, ಉಳಿದ ಕೆಲಸವೆಲ್ಲ ಅವಳದೇ. ಎತ್ತು ಇರುವತನಕ ಹೊಲ ತನ್ನದು ಎಂದು ಅವಳು ಸದಾ ಹೇಳುತ್ತಿದ್ದಳು. ಗಂಡ ಸತ್ತಾಗಲೇ ಆ ಹೊಲವನ್ನು ವಾರಕ್ಕೆ ಕೊಡು, ಬೆಳೆಯಲ್ಲಿ ಅರ್ಧ ಮನೆಗೆ ತಂದು ಹಾಕುತ್ತೇನೆ ಎಂದು ಪಟೇಲರು ಕೇಳಿದ್ದರಂತೆ. ಇವಳು ಒಪ್ಪಿರಲಿಲ್ಲ.

ಭಾನುವಾರ ಅವಳ ಜಗಲಿಯ ಮೇಲೆ ಕೂತು ಹನ್ನೆರಡು ಹಾಳೆ ಬರೆದೆ. 'ಈ ತಿಂಗಳಲ್ಲಿ ಗ್ರಾಮದಲ್ಲಿ ಕಳ್ಳತನ, ದನಗಳ್ಳತನ ಯಾವುದೂ ನಡೆದಿರುವುದಿಲ್ಲ. ಬೀಟು ಕ್ರಮವಾಗಿ ನಡೆದಿರುತ್ತದೆ. ಜನರು ನೆಮ್ಮದಿಯಾಗಿರುತ್ತಾರೆ.' ಅದೇ ಮೂರು ಸಾಲು, ತಿಂಗಳ ಹೆಸರು ಮಾತ್ರ ಬೇರೆ. ಅವಳು ಮಜ್ಜಿಗೆ ತಂದಿಟ್ಟು, "ಅದೇನ್ ಮೇಷ್ಟ್ರೇ, ಬೆಳಗಿಂದ ಅಂಗೇ ಬರೀತಾನೇ ಇದ್ದೀರಿ?" ಎಂದಳು.

"ನಮ್ಮೂರು ಚೆನ್ನಾಗಿದೆ ಅಂತ ಬರೀತಿದ್ದೀನಿ ಕಣಮ್ಮ."

"ಒಳ್ಳೇದ್ ಬುಡಿ, ಬರೀರಿ," ಎಂದು ಒಣಗಲು ಹಾಕಿದ್ದ ಹಾಳೆಗಳು ಹಾರದಂತೆ ತಾನೇ ನಾಲ್ಕು ಕಲ್ಲು ಆರಿಸಿ ತಂದು ಮೇಲಿಟ್ಟಳು.

ರುಜುವಾದ ಹಾಳೆಗಳು ದಫೇದಾರನ ಪೆಟ್ಟಿಗೆ ಸೇರಿದವು. ತಿಂಗಳು ತಿಂಗಳೂ ಒಂದೊಂದೇ ನೆಮ್ಮದಿ ಹುಣಸೂರಿನ ಬಸ್ಸು ಹತ್ತಿತು.

ಹನ್ನೊಂದು ಹಾಳೆ ಹೋದವು. ಹನ್ನೆರಡನೆಯ ತಿಂಗಳಲ್ಲಿ, ಶಿವರಾತ್ರಿ ಕಳೆದ ವಾರ, ಹಗಲು ಹೊತ್ತಿನಲ್ಲೇ ಕೆರೆಯಂಗಳದಲ್ಲಿ ಮೇಯುತ್ತಿದ್ದ ಅವಳ ಎರಡು ಎತ್ತೂ ಮಾಯವಾದವು. ಸಂಜೆಯವರೆಗೆ ಹುಡುಕಿ, ಮರುದಿನ ಬೆಳಿಗ್ಗೆ ಅವಳು ಠಾಣೆಗೆ ಓಡಿದಳು. ಜೊತೆಗೆ ನಾನೂ ಹೋದೆ. ದಫೇದಾರ ಮುಖ ಹುಳ್ಳಗೆ ಮಾಡಿಕೊಂಡು, "ಎಲ್ಲೋ ತಪ್ಪಿಸ್ಕಂಡವೆ ಕಣಮ್ಮ, ಬತ್ತವೆ ಬುಡು," ಎಂದ. ಅವಳು ಅಲ್ಲಿಂದ ಏಳದಿದ್ದಾಗ ಪಟೇಲರ ಮನೆಗೆ ಕಳಿಸಿದ.

ಆ ವರ್ಷದಲ್ಲಿ ಸಮಿತಿಯ ಐವರೂ ಎರಡನೆಯ ಸಲ ಒಟ್ಟಿಗೆ ಸೇರಿದ್ದು ಅಂದೇ. ಎತ್ತು ಹುಡುಕಿಸಲು ಸೇರಿದರು ಎಂದು ನೀವು ಅಂದುಕೊಂಡರೆ ನಮ್ಮ ಊರು ನಿಮಗೆ ಗೊತ್ತಿಲ್ಲ. ಹಾಳೆಯನ್ನು ಕಾಪಾಡಲು ಸೇರಿದರು.

"ಅನ್ನೊಂದು ತಿಂಗ್ಳು ನೆಟ್ಗೆ ಬಂದದೆ ಕಣವ್ವ," ಎಂದರು ಪಟೇಲರು, ತಾವೇ ದನ ಕಳಕೊಂಡವರ ಹಾಗೆ ದನಿ ತಗ್ಗಿಸಿ. "ಇನ್ನೊಂದು ಇಪ್ಪತ್ತು ದಿನ. ಉಣಸೂರಿನ ಸಾಹೇಬ್ರು ಬಂದು ನೋಡ್ಕಂಡ್ ಓಗ್ಲಿ, ಆಮ್ಯಾಕೆ ನಿನ್ ಫಿರ್ಯಾದು ಬರೆಸ್ತೀನಿ. ಊರಿನ ಮರ್ವಾದೆ ಅಲ್ವಾ?"

"ಯುಗಾದಿಗೆ ಒನ್ನಾರು ಕಟ್ಬೇಕಲ್ಲ ಗೌಡ್ರೇ. ಎತ್ತಿಲ್ದೆ ಏನ್ ಕಟ್ಲಿ?" ಎಂದಳು. ಯುಗಾದಿಯ ದಿನ ಎತ್ತು ಹೂಡಿ ವರ್ಷದ ಮೊದಲ ಸಾಲು ಹೊಡೆಯುವುದು ಹೊನ್ನಾರು. ಯಾರ ಎತ್ತು ಆ ದಿನ ಹೊಲಕ್ಕೆ ಇಳಿಯುವುದಿಲ್ಲವೋ ಅವರು ಆ ವರ್ಷ ಬೇಸಾಯಗಾರರ ಲೆಕ್ಕಕ್ಕಿಲ್ಲ.

"ಈ ತಿಂಗಳದ್ದು ಬೇರೆ ಬರೆದರೆ..." ಎಂದು ನಾನು ಬಾಯಿ ತೆರೆದೆ. ಪಟೇಲರು ನನ್ನ ಕಡೆ ತಿರುಗಿ, "ರುಜು ಆದ್ ಕಾಗ್ದ ಕಣ್ರೀ ಮೇಷ್ಟ್ರೇ. ಮುಂಚೇನೇ ಬರೆದಿದ್ದು ಅಂತ ಗೊತ್ತಾದ್ರೆ ನಮಗೇನು, ನಿಮ್ ಕೆಲಸ ಓಯ್ತದೆ," ಎಂದರು. ಹನ್ನೆರಡನೆಯ ಹಾಳೆ ಹುಣಸೂರಿಗೆ ಹೋಯಿತು. ಸಾಹೇಬರು ಬಂದು ಎಳನೀರು ಕುಡಿದು, ಇಂಥ ಊರು ನೋಡಿಲ್ಲ ಎಂದು ಹೊಗಳಿ ಹೋದರು. ಅದೊಂದು ಮಾತು ನಿಜ.

ಎತ್ತು ಸಿಕ್ಕಿದ್ದು ಪೊಲೀಸರಿಂದಲ್ಲ, ಸಮಿತಿಯಿಂದಲೂ ಅಲ್ಲ. ಹೆಗ್ಗಡದೇವನಕೋಟೆಯ ಕಡೆ ಕೊಟ್ಟಿದ್ದ ಅವಳ ತಂಗಿಯ ಗಂಡ ಸಂತೆಯಲ್ಲಿ ಮುರಿದ ಕೊಂಬು, ಸೀಳು ಕಿವಿ ಒಟ್ಟಿಗೆ ಕಂಡು, ಅಲ್ಲಿಯೇ ಗಲಾಟೆ ಎಬ್ಬಿಸಿ ಎತ್ತುಗಳನ್ನು ಠಾಣೆಗೆ ಹೊಡೆಸಿದ್ದ. ಅವಳೂ ನಾನೂ ಬಸ್ಸು ಬದಲಿಸಿ ಕೋಟೆಗೆ ಹೋದೆವು. ಅವಳನ್ನು ಕಂಡದ್ದೇ ಎರಡೂ ಎತ್ತು ಹಗ್ಗ ಜಗ್ಗಿ ಕತ್ತು ಚಾಚಿದವು. ಅವಳು ಎರಡರ ಮಧ್ಯೆ ನಿಂತು ಬಹಳ ಹೊತ್ತು ಅತ್ತಳು.

ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ. "ಎತ್ತು ಈಯಮ್ಮನದೇ ಅಂತ ನನಗೂ ಕಾಣ್ತದೆ ಮೇಷ್ಟ್ರೇ. ಆದರೆ ಕೊಂಡವನ ಕೈಲಿ ಸಂತೆ ರಸೀತಿ ಇದೆ. ಆ ತಿಂಗಳು ನಿಮ್ಮೂರಲ್ಲಿ ದನ ಕಳುವಾಗಿದೆ ಅಂತ ಹುಣಸೂರಿಂದ ಒಂದು ಚೀಟಿ ತನ್ನಿ, ಸಾಕು. ನಾಳೆ ಸಾಯಂಕಾಲದವರೆಗೂ ಎತ್ತು ಇಲ್ಲೇ ಇರ್ತವೆ," ಎಂದರು.

ಮರುದಿನ ಬೆಳಿಗ್ಗೆ ಹುಣಸೂರಿನ ಕಚೇರಿಯ ಮೇಜಿನ ಮುಂದೆ ನಿಂತೆವು. ಗುಮಾಸ್ತ ಫೈಲು ಬಿಚ್ಚಿ, ಮೇಲಿನ ಹಾಳೆ ಎತ್ತಿ, ಗಟ್ಟಿಯಾಗಿ ಓದಿದ. 'ದನಗಳ್ಳತನ ಯಾವುದೂ ನಡೆದಿರುವುದಿಲ್ಲ. ಜನರು ನೆಮ್ಮದಿಯಾಗಿರುತ್ತಾರೆ.' ಆಮೇಲೆ ಹಾಳೆಯನ್ನು ನಮ್ಮ ಕಡೆ ತಿರುಗಿಸಿ, "ನಿಮ್ಮೂರಿನವರೇ ಬರೆದುಕೊಟ್ಟಿದ್ದಾರೆ. ಇದು ಸುಳ್ಳು ಅಂತ ಹೇಳೋರು ಯಾರಾದರೂ ಇದ್ದರೆ ಹೇಳಿ, ಬರಕೊಳ್ತೀನಿ," ಎಂದ.

ಅವಳಿಗೆ ಓದು ಬಾರದು. ಆದರೆ ಆ ಹಾಳೆಯನ್ನೇ ನೋಡುತ್ತ ನಿಂತಳು. ಮೂಲೆಯಲ್ಲಿ ಅವಳು ಇಟ್ಟಿದ್ದ ಕಲ್ಲಿನ ಕೆಮ್ಮಣ್ಣು ಇನ್ನೂ ಅಂಟಿಕೊಂಡಿತ್ತು.

"ಅವತ್ತು ನಮ್ ಜಗಲೀಲಿ ಕುಂತ್ಕಂಡ್ ಬರೆದ್ರಲ್ಲ, ಅದೇ ಏನ್ ಮೇಷ್ಟ್ರೇ ಇದು?"

"ಹೌದಮ್ಮ," ಎಂದೆ.

ಅವಳಿಗೆ ಹೇಳಿದೆ. ಗುಮಾಸ್ತನಿಗೆ ಹೇಳಲಿಲ್ಲ. ಅವನು ಪೆನ್ನು ಹಿಡಿದು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ, ಆಮೇಲೆ ಫೈಲು ಕಟ್ಟಿದ. ಪಟೇಲರನ್ನು, ಆ ನಾಲ್ಕು ಗೋಣುಗಳನ್ನು, ದಫೇದಾರನನ್ನು ಎಷ್ಟು ಬೈದರೂ ನನಗೆ ಸಾಲದು. ಆದರೆ ಅಂದು ಆ ಮೇಜಿನ ಮುಂದೆ ಅವರಲ್ಲಿ ಒಬ್ಬರೂ ಇರಲಿಲ್ಲ. ಇದ್ದವನು ನಾನು.

ಎತ್ತು ಕೊಂಡವನ ಜೊತೆ ಹೋದವು. ಯುಗಾದಿಯ ದಿನ ಅವಳ ಹೊಲದಲ್ಲಿ ಪಟೇಲರ ಎತ್ತು ಹೊನ್ನಾರು ಹೂಡಿದವು, ಹೊಲ ವಾರಕ್ಕೆ ಹೋಗಿತ್ತು. ಅವಳು ನನಗೆ ಕೋಣೆ ಬಿಡು ಎಂದು ಹೇಳಲಿಲ್ಲ. ಮಜ್ಜಿಗೆ ಮಾತ್ರ ಆಮೇಲೆ ಬರಲಿಲ್ಲ.

ಹಬ್ಬ ಕಳೆದ ವಾರ ಪಟೇಲರು ಹೊಸ ವರ್ಷಕ್ಕೆಂದು ಹನ್ನೆರಡು ಬಿಳಿ ಹಾಳೆ ಕಳಿಸಿದರು. ಬರೆದೆ. ಅವಳ ಜಗಲಿಯ ಮೇಲೆ ಅಲ್ಲ, ಶಾಲೆಯಲ್ಲಿ, ಬಾಗಿಲು ಹಾಕಿಕೊಂಡು.