ಉಗುರು ಬೆಳ್ಳಗಾಗುವಷ್ಟು ಒತ್ತಿ

ದಾವಣಗೆರೆಯ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಬಿಸ್ಕತ್ತು ಮುರಿಯುವುದು. ಯಂತ್ರದ ಉಕ್ಕಿನ ಅಲಗು ನಿಧಾನವಾಗಿ ಇಳಿದು ಬಿಸ್ಕತ್ತನ್ನು ಒತ್ತುತ್ತದೆ. ಎಷ್ಟು ಒತ್ತಡಕ್ಕೆ ಅದು ಮುರಿಯಿತೆಂದು ಪರದೆಯ ಮೇಲೆ ಗೆರೆ ಮೂಡುತ್ತದೆ. ಕೊಟ್ಟೂರಿನಲ್ಲಿ ಖಾನಾವಳಿ ನಡೆಸುತ್ತಿದ್ದ ಅಕ್ಕ ಇದನ್ನು ಕೇಳಿ ಬಹಳ ಹೊತ್ತು ನಕ್ಕಿದ್ದಳು. ಅವಳು ಕಡಕ್ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ, ಸಪ್ಪಳದಲ್ಲೇ ಹದ ಹೇಳುವವಳು.

ಹೋದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಮಾತು ತೊದಲಾಗಿ ಉಳಿಯಿತು, ಆದರೆ ಸರಿಯಾಗಿ ನುಂಗುವ ಶಕ್ತಿ ಹೋಯಿತು. ನೀರು ಕುಡಿದರೂ ಶ್ವಾಸಕೋಶಕ್ಕೆ ಇಳಿಯಬಹುದೆಂದು ಆಸ್ಪತ್ರೆಯಲ್ಲಿ ಎಚ್ಚರಿಸಿದರು. ಅಲ್ಲಿಯ ಚಿಕಿತ್ಸಕಿ ನನಗೆ ಸೂಜಿಯಿಲ್ಲದ ಸಿರಿಂಜನ್ನೂ ಒಂದು ಫೋರ್ಕನ್ನೂ ಕೊಟ್ಟು, ಅವಳು ನುಂಗಬಲ್ಲ ಊಟದ ಹದ ಅಳೆಯುವುದನ್ನು ಕಲಿಸಿದರು. ಗಂಜಿಯನ್ನು ಸಿರಿಂಜಿಗೆ ತುಂಬಿ ತುದಿಗೆ ಒತ್ತಿಹಿಡಿದ ಬೆರಳು ತೆಗೆದರೆ, ಹತ್ತು ಸೆಕೆಂಡಿನ ನಂತರ ಎಷ್ಟು ಉಳಿದಿದೆ ಎಂಬುದರಿಂದ ಅದರ ಮಂದ ಗೊತ್ತಾಗುತ್ತದೆ. ಅನ್ನವಾದರೆ, ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು ಫೋರ್ಕಿನಿಂದ ಒತ್ತಿದಾಗ ಪೂರ್ತಿ ಹಿಸುಕಿ ಹೋಗಬೇಕು.

ನಾನು ರಜೆ ಹಾಕಿ ಅಕ್ಕನ ಮನೆಯಲ್ಲೇ ಉಳಿದೆ. ಮೂರು ಹೊತ್ತೂ ಅಳೆದೆ. ಅಳೆಯದೆ ಒಂದು ತುತ್ತನ್ನೂ ಅವಳ ಬಾಯಿಗಿಡಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ರೊಟ್ಟಿಯ ಡಬ್ಬಿಯ ಕಡೆ ಕೈ ತೋರಿಸಿ, ತಡವರಿಸುತ್ತಾ ಕೇಳಿದಳು. "ಲೇ, ಒಂದು ಚೂರು ಕೊಡು. ಹಲ್ಲಿಗೆ ಏನೂ ಸಿಗವಲ್ದು."

ನಾನು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ನುಣ್ಣಗೆ ಅರೆದು, ಫೋರ್ಕಿನಿಂದ ಒತ್ತಿ ನೋಡಿ ಕೊಟ್ಟೆ. ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದಳು. "ಇದು ರೊಟ್ಟಿ ಅಲ್ಲಲೇ" ಎಂದಳು.

ಮರುದಿನ ಇನ್ನೊಂದು ಮಾತು ಕೇಳಿದಳು. "ನೀನರ ನನ್ನ ಮುಂದ ತಿನ್ನು. ಸಪ್ಪಳ ಕೇಳ್ತೀನಿ."

ರೊಟ್ಟಿ ಕೈಗೆತ್ತಿಕೊಂಡೆ. ಅವಳ ಮುಖ ನೋಡಿದ ಮೇಲೆ ಕಚ್ಚಲಾಗಲಿಲ್ಲ. ನಾಳೆ ಎಂದು ಹೇಳಿ ಎದ್ದುಬಂದೆ. ಆ ಸಂಜೆಯೇ ಅವಳಿಗೆ ಜ್ವರ ಬಂತು. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ನ್ಯುಮೋನಿಯಾ ಎಂದರು. ಎಲ್ಲಿ ತಪ್ಪು ಅಳೆದೆನೆಂದು ವೈದ್ಯರನ್ನು ಕೇಳಿದೆ. ನಿಮ್ಮದೇನೂ ತಪ್ಪಿಲ್ಲ, ಅವರದೇ ಎಂಜಲು ಒಳಗೆ ಇಳಿದಿರಬಹುದು, ಅದನ್ನು ತಡೆಯಲಾಗುವುದಿಲ್ಲ ಎಂದು ಅವರು ಸಮಾಧಾನ ಹೇಳಿದರು.

ಹಾಗಾದರೆ ಒಂದು ಚೂರು ರೊಟ್ಟಿ ಕೊಡಬಹುದಿತ್ತೇ ಎಂದೆ. ವೈದ್ಯರು ಕೈಯಲ್ಲಿದ್ದ ಕಾಗದ ಬದಿಗಿಟ್ಟು ಹೇಳಿದರು.

"ಕೆಲವು ಮನಿಯವರು ಕೊಡ್ತಾರ್ರಿ. ಅಪಾಯ ಗೊತ್ತಿದ್ದೂ, ರೋಗಿ ಆಸೆಪಟ್ರ ಕೊಡ್ತಾರ."

ಹಾಗೆ ಕೊಡಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ಅಕ್ಕ ಮಾತ್ರ ಕೇಳಿದ್ದಳು.