ಮಂಗಳವಿಲ್ಲದ ರೆಕಾರ್ಡು

ಇವತ್ತು ಬೆಳಿಗ್ಗೆ ಗಲ್ಲಕ್ಕೆ ಸಾಬೂನು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದೆ. ಮಾಳಿಗೆಯ ಮೇಲೆ ಯಾರೋ ಗಂಟಲು ಸರಿಮಾಡಿಕೊಂಡ ಸಪ್ಪಳ ಕೇಳಿತು. ಮೇಲೆ ಬಾಡಿಗೆಗೆ ಇರುವವಳು ದೀಪಾ, ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ. ಕೇಳಿಸಿದ್ದು ಗಂಡಸಿನ ಗಂಟಲು. ಆಳಂದದಂಥ ಊರಿನಲ್ಲಿ ಮನೆ ಬಾಡಿಗೆಗೆ ಕೊಟ್ಟವನಿಗೆ ಇಂಥ ಸಪ್ಪಳ ಕೇಳಿದರೆ ಹುಬ್ಬು ಮೇಲೇರಬೇಕು. ನನಗೆ ಎದ್ದು ನಿಂತದ್ದು ಮೈಮೇಲಿನ ಕೂದಲು. ಆ ಗಂಟಲು ನನಗೆ ಗೊತ್ತಿತ್ತು. ಅದು ಗುರುಪಾದಪ್ಪ ಮಾಮಾನದು, ಮಾಮಾ ತೀರಿಕೊಂಡು ಬಹಳ ವರ್ಷಗಳಾದವು.

ಹೆದರಬೇಡಿ. ಹುಡುಗಿ ಫೋನಿನಲ್ಲಿ ಹಾಡು ಹಚ್ಚಿದ್ದಳು, ಅಷ್ಟೇ. ನಾನೂ ಕನ್ನಡಿಗೆ ಹಾಗೆಯೇ ಹೇಳಿದೆ. ಮಂಡಿನೋವು ಎಂದು ಇವತ್ತು ವಾಕಿಂಗಿಗೆ ಹೋಗಿರಲಿಲ್ಲ, ಇಲ್ಲದಿದ್ದರೆ ಇದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆದರೂ ಗಡ್ಡ ಅರ್ಧಕ್ಕೇ ನಿಂತಿತು. ನಿಮಗೆ ಪುರಸೊತ್ತಿದ್ದರೆ ಕೂತುಕೊಳ್ಳಿ, ಯಾಕೆಂದು ಹೇಳುತ್ತೇನೆ.

ಮಾಮಾ ಎಂದರೆ ನನ್ನ ಸೋದರತ್ತೆ ಶರಣಮ್ಮನ ಗಂಡ. ಊರು ಅಫಜಲಪುರದ ಕಡೆಯ ಮಣ್ಣೂರ, ಭೀಮಾ ನದಿಯ ದಂಡೆ. ಹೊಲ ಮಾಡುತ್ತಿದ್ದರು, ರಾತ್ರಿ ಮಠದಲ್ಲಿ ತತ್ವಪದ ಹಾಡುತ್ತಿದ್ದರು. ದಮ್ಮಡಿ ಬಾರಿಸಲು ಗೆಳೆಯ ಮಹಾದೇವಪ್ಪ. ಹಾಡು ಸುರುಮಾಡುವ ಮುಂಚೆ ಮಾಮಾ ಒಮ್ಮೆ ಕೆಮ್ಮಿ ಗಂಟಲು ತೆಗೆಯುತ್ತಿದ್ದರು. ಮನೆಯಲ್ಲಿ ಭಜನೆ ಇದ್ದ ದಿನ ಆ ಸಪ್ಪಳ ಕೇಳಿದರೆ ಸಾಕು, ಒಳಗಿನಿಂದ ಅತ್ತೆ ಬಿಸಿನೀರಿನ ತಂಬಿಗೆ ತಂದು ಮಗ್ಗುಲಿಗೆ ಇಟ್ಟು ಹೋಗುತ್ತಿದ್ದಳು. ಗಂಡ ಹೆಂಡತಿ ಮಂದಿಯ ಮುಂದೆ ಮಾತಾಡುತ್ತಿದ್ದುದು ಇಷ್ಟೇ.

ಭಜನೆಗೆ ಒಂದು ಕಟ್ಟಳೆ ಇದೆ, ನಿಮಗೂ ಗೊತ್ತಿರಬೇಕು. ಎಷ್ಟೇ ಹೊತ್ತಾಗಲಿ, ಕೊನೆಗೆ ಮಂಗಳದ ಪದ ಹಾಡಿಯೇ ಏಳಬೇಕು. ಮಂಗಳವಾಗದೆ ಎದ್ದರೆ ಭಜನೆ ಮುಗಿದಂತಲ್ಲ, ಹಾಡಿದವನು ಎದ್ದಂತಲ್ಲ. ಇದರ ಮುಂದೆ ಮಳೆ, ಹಸಿವೆ, ಬಸ್ಸಿನ ಹೊತ್ತು ಯಾವುದೂ ನಡೆಯುವುದಿಲ್ಲ.

ಒಂದು ಸಲ ಪುಣೆಯ ಕಡೆಯ ಸಂಗೀತಗಾರರು ಊರಿಗೆ ಬಂದು ಮಾಮಾನ ಹಾಡು ಕೇಳಿ ಮರುಳಾದರು. ಮಾಮಾ ಮತ್ತು ಮಹಾದೇವಪ್ಪನನ್ನು ಪುಣೆಗೆ ಕರೆಸಿಕೊಂಡು, ತತ್ವಪದದ ಜೊತೆ ಸ್ಯಾಕ್ಸೊಫೋನು, ದಪ್ಪ ತಂತಿಯ ಗಿಟಾರು ಎಲ್ಲ ಸೇರಿಸಿ ಒಂದು ರೆಕಾರ್ಡು ಮಾಡಿದರು. ಜಾನಪದ ಜಾಝ್ ಎಂದು ಅದಕ್ಕೆ ಹೆಸರು. ತಿರುಗಿ ಬರುವಾಗ ಸೊಲ್ಲಾಪುರ ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಮಾಮಾ ಏಳಲಿಲ್ಲ. ಎದೆ ಹಿಡಿಯಿತು ಎಂದರು. ಮಣ್ಣೂರಿಗೆ ತಂದು, ನಮ್ಮವರ ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಿದೆವು.

ಆ ರೆಕಾರ್ಡು ಎಲ್ಲೆಲ್ಲೋ ಹೋಗಿ ದೊಡ್ಡ ಹೆಸರು ಮಾಡಿತು. ಮಣ್ಣೂರಿಗೆ ಮಾತ್ರ ಬರಲಿಲ್ಲ. ನಾನಾಗ ಜೇವರ್ಗಿಯಲ್ಲಿ ಮಾಸ್ತರ. ಜಾಝ್ ಎಂಬ ಶಬ್ದ ಕಲಿತು ಅದನ್ನು ಎಲ್ಲಿ ಬಿಸಾಡಲಿ ಎಂದು ಕಾಯುತ್ತಿದ್ದ ವಯಸ್ಸು. ಪುಣೆಯ ಹಳೆಯ ಅಂಗಡಿಯೊಂದರಲ್ಲಿ ಅದರ ಕ್ಯಾಸೆಟ್ಟು ಸಿಕ್ಕಾಗ ಕುಣಿದಾಡಿದೆ. ಟೇಪ್ ರೆಕಾರ್ಡರು ಬಗಲಲ್ಲಿಟ್ಟುಕೊಂಡು ಒಂದು ಭಾನುವಾರ ಮಧ್ಯಾಹ್ನ ಅತ್ತೆಯ ಮನೆಗೆ ಹೋದೆ.

ಪಡಸಾಲೆಯಲ್ಲಿ ಮಹಾದೇವಪ್ಪ, ಊರಿನ ದರ್ಜಿ ಇಸ್ಮಾಯಿಲ್ ಚಾಚಾ, ಬಾಜೂ ಮನೆಯ ಗಂಗವ್ವ ಬಂದು ಕೂತರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಮೊದಲು ಜಾಝ್ ಹುಟ್ಟಿದ್ದು ಹೇಗೆ ಎಂದು ಭಾಷಣಕ್ಕೆ ಸುರುಮಾಡಿದೆ.

"ಮಾಸ್ತರ, ಹಾಡು ಹಚ್ಚತೀರೋ, ನೀವ ಹಾಡತೀರೋ?" ಎಂದ ಮಹಾದೇವಪ್ಪ.

ಹಚ್ಚಿದೆ. ಟೇಪು ಸರಸರ ಎಂದಿತು. ಆಮೇಲೆ ಮಾಮಾ ಗಂಟಲು ಸರಿಮಾಡಿಕೊಂಡರು.

ಅತ್ತೆ ತಟ್ಟನೆ ಒಳಗೆ ಹೋದಳು. ಅಳು ಬಂದಿರಬೇಕು ಎಂದುಕೊಂಡೆವು. ಅವಳು ಬಿಸಿನೀರಿನ ತಂಬಿಗೆ ಹಿಡಿದುಕೊಂಡು ಬಂದು ಟೇಪ್ ರೆಕಾರ್ಡರಿನ ಮಗ್ಗುಲಿಗೆ ಇಟ್ಟು, ಮತ್ತೆ ಹೋಗಿ ಬಾಗಿಲಲ್ಲಿ ನಿಂತಳು. ತಾನು ಏನು ಮಾಡಿದೆ ಎಂಬುದು ಅವಳಿಗೆ ತಿಳಿದಿತ್ತೋ ಇಲ್ಲವೋ. ಯಾರೂ ನಗಲಿಲ್ಲ. ತಂಬಿಗೆಯಿಂದ ಹಬೆ ಏಳುತ್ತಿತ್ತು, ಟೇಪಿನ ಒಳಗಿನಿಂದ ಮಾಮಾ ಹಾಡುತ್ತಿದ್ದರು.

ಮೊದಲನೆಯ ಮಗ್ಗುಲು ಮುಗಿದಾಗ ಮಹಾದೇವಪ್ಪನ ಮುಖ ಕೆಂಪಾಗಿತ್ತು.

"ನನ್ನ ದಮ್ಮಡಿ ಎಲ್ಲಿ ಹೋತು? ಕೈ ಬಾಯುವಂಗ ಬಾರಿಸೇನಿ. ಆ ಡೊಂಕ ಪುಂಗಿ ಅಷ್ಟ ಕೇಳತದ."

"ಬಿಡ್ರಿ," ಎಂದರು ಇಸ್ಮಾಯಿಲ್ ಚಾಚಾ, ಕಣ್ಣೊರಸಿಕೊಳ್ಳುತ್ತ. "ಆ ಪುಂಗಿನ ಜಾನ್ ಅದ ಇದ್ರಾಗ. ಮೊಹರಂ ಆಖರಿ ದಿನ ಪಂಜಾದ ದೇವರು ಹೊಳಿಗಿ ಹೋಗುವಾಗ ಹೆಂಗ ಆಗತದ, ಹಂಗ ಆತು ನೋಡ್ರಿ ನಂಗ."

ಗಂಗವ್ವನಿಗೆ ಇದು ಯಾವುದೂ ಸರಿಬರಲಿಲ್ಲ. "ಮನ್ಯಾಗ ಇದನ್ನ ಹಚ್ಚಬ್ಯಾಡ್ರೆಪ್ಪಾ. ಹೆಣದ ಮುಂದ ಮಾಡೋ ಭಜನಿ ಇದ್ದಂಗ ಅದ."

ನಾನು ಸ್ಯಾಕ್ಸೊಫೋನಿನ ಪರ ವಾದಿಸಲು ಬಾಯಿ ತೆರೆದೆ. ಅತ್ತೆಯ ಮುಖ ನೋಡಿ ಮುಚ್ಚಿ, ಕ್ಯಾಸೆಟ್ಟು ತಿರುವಿ ಹಾಕಿದೆ. ಎರಡನೆಯ ಮಗ್ಗುಲೂ ಮುಗಿಯುತ್ತ ಬಂತು. ಕೊನೆಯ ಹಾಡು ನಿಂತಿತು, ಟೇಪು ಟಕ್ ಎಂದಿತು. ಏಳೋಣವೆಂದು ನಾನು ನೆಲಕ್ಕೆ ಕೈ ಊರಿದೆ. ಉಳಿದವರು ಕದಲಲಿಲ್ಲ. ಇನ್ನೂ ಏನೋ ಬರಬೇಕು ಎಂಬಂತೆ ಟೇಪಿನ ಕಡೆ ನೋಡುತ್ತ ಕೂತಿದ್ದರು.

"ಮಂಗಳ?" ಎಂದಳು ಅತ್ತೆ.

"ಇಷ್ಟ ಅತ್ತಿ. ಮುಗೀತು."

ಆಗ ಮಹಾದೇವಪ್ಪ, ಅಷ್ಟು ವರ್ಷ ಯಾರಿಗೂ ಹೇಳದಿದ್ದುದನ್ನು ಹೇಳಿದ. "ಪುಣೆದಾಗ ಟೈಮ್ ಆತಂತ ದೀಪ ಆರಿಸಿಬಿಟ್ರು, ಶರಣಮ್ಮ. ಗುರುಪಾದ ಕುಂತ ಜಾಗಾ ಬಿಟ್ಟು ಏಳಲಿಲ್ಲ. ಮಂಗಳ ಆಗಿಲ್ರಿ, ಮಂಗಳ ಆಗಿಲ್ರಿ ಅಂದ. ಅವರಿಗಿ ನಮ್ಮ ಮಾತು ಎಲ್ಲಿ ತಿಳೀಬೇಕು? ನಕ್ಕೊಂತ ರಟ್ಟಿ ಹಿಡದು ಎಬ್ಬಿಸಿದ್ರು. ಗಾಡ್ಯಾಗೂ ಅದ ಮಾತು. ಸೊಲ್ಲಾಪುರದಾಗ ಬೆಂಚಿನ ಮ್ಯಾಲ ಕುಂತು ಹಾಡೇನಂದ. ಗಂಟಲ ಸರಿ ಮಾಡಕೊಂಡ. ಅಷ್ಟ."

ಅತ್ತೆ ಬಾಗಿಲು ಬಿಟ್ಟು ಬಂದು ನನ್ನ ಎದುರಿಗೆ ಕೂತಳು. "ಇದನ್ನ ಬ್ಯಾರೆ ಊರಾಗೂ ಹಚ್ಚತಾರೇನೋ?"

ನನಗೆ ಹೆಮ್ಮೆ. "ಊರೇನು ಅತ್ತಿ, ದೇಶಾಂತರದಾಗ ಹಚ್ಚತಾರ. ಇಂಥಾದ್ದು ಮತ್ತೊಂದು ಇಲ್ಲ ಅಂತಾರ."

"ಈಗೂ ಎಲ್ಲ್ಯರ ಹಚ್ಚಿರಬೇಕಲಾ?"

"ಹಚ್ಚಿರಬಹುದು."

"ಮಣ್ಣಾಗೂ ಕುಂತಾರ, ಇದ್ರಾಗೂ ಕುಂತಾರ," ಎಂದಳು ಅತ್ತೆ. "ಮತ್ತ ಅವ್ರು ಏಳೋದು ಯಾವಾಗೋ?"

ನಾನು ಮಾಸ್ತರ, ದೆವ್ವ ಭೂತ ನಂಬಬೇಡಿ ಎಂದು ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಳ್ಳುವವನು. ಆದರೂ ಕಣ್ಣಿಗೆ ಕಟ್ಟಿಯೇಬಿಟ್ಟಿತು. ಯಾವುದೋ ಊರಿನ ಯಾವುದೋ ಕೋಣೆಯಲ್ಲಿ ಯಾರೋ ಗುಂಡಿ ಒತ್ತುತ್ತಾರೆ, ಮಾಮಾ ಹೋಗಿ ಕೂತು ಹಾಡುತ್ತಾರೆ, ಕೇಳಿದವರು ಎದ್ದು ಊಟಕ್ಕೆ ಹೋಗುತ್ತಾರೆ, ಮಾಮಾ ಮಾತ್ರ ಕತ್ತಲೆಯಲ್ಲಿ ಕೂತೇ ಇರುತ್ತಾರೆ. ಹಾಗೆಂದು ಒಮ್ಮೆ ಯೋಚಿಸಿದ ಮೇಲೆ ಅದು ತಲೆಯಿಂದ ಹೋಗುವುದಿಲ್ಲ. ನಿಮ್ಮ ತಲೆಗೂ ಹಚ್ಚಿದೆ, ಕ್ಷಮಿಸಿ.

ಅತ್ತೆ ತಲೆ ತಗ್ಗಿಸಿ ಮಂಗಳದ ಪದ ಹಾಡತೊಡಗಿದಳು. ಅವಳು ಹಾಡಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಒಲೆಯ ಮುಂದೆ ಕೂತು ಇಡೀ ಜನ್ಮ ಕೇಳಿಸಿಕೊಂಡದ್ದು ಒಂದಕ್ಷರ ಬಿಡದೆ ಬಂತು. ಮಹಾದೇವಪ್ಪ ತೊಡೆಯ ಮೇಲೆ ತಾಳ ಹಾಕಿದ. ಮುಗಿದ ಮೇಲೆ ಅವಳು ತಂಬಿಗೆಯ ನೀರನ್ನು ದಾಸವಾಳದ ಬುಡಕ್ಕೆ ಸುರಿದು ಬಂದಳು. ಆಗ ಎಲ್ಲರೂ ಎದ್ದರು.

ಅಂದಿನಿಂದ ನಾನು ಹೋದಾಗಲೆಲ್ಲ ಕ್ಯಾಸೆಟ್ಟು ಹಚ್ಚಿಸುತ್ತಿದ್ದಳು, ಕೊನೆಗೆ ತಾನು ಮಂಗಳ ಹಾಡುತ್ತಿದ್ದಳು. ನನಗೂ ಕಲಿಸಲು ನೋಡಿದಳು. ನನ್ನ ದನಿ ಕೇಳಿ, "ಬ್ಯಾಡ ಬಿಡಪ್ಪಾ, ನೀ ಹಾಡಿದ್ರ ಅವ್ರು ಏಳೂದಿಲ್ಲ, ಓಡತಾರ," ಎಂದು ಕೈಬಿಟ್ಟಳು. ಕೊನೆಕೊನೆಗೆ ಔಷಧೋಪಚಾರಕ್ಕೆಂದು ಆಳಂದಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿದಳು. ನನ್ನ ಹೆಂಡತಿ ಭಾಗ್ಯ ನೋಡಿಕೊಂಡಳು. ಭಾಗ್ಯ ಮದುವೆಯಾಗಿ ಬರುವ ಹೊತ್ತಿಗೆ ಮಾಮಾ ಇರಲಿಲ್ಲ, ಅವರನ್ನು ಅವಳು ಕಂಡವಳಲ್ಲ. ಅತ್ತೆ ತೀರಿಹೋದ ಮೇಲೆ ನಾನು ಆ ಕ್ಯಾಸೆಟ್ಟು ಹಚ್ಚಲಿಲ್ಲ. ಹಾಡಿಸುವುದು ಸುಲಭ, ಎಬ್ಬಿಸುವವರು ಯಾರು?

ಹೀಗಿರುವಾಗ ಇವತ್ತು ಈ ಹುಡುಗಿ ಹಚ್ಚಿಬಿಟ್ಟಿದ್ದಾಳೆ. ಗಲ್ಲದ ಸಾಬೂನು ಒಣಗಿ ಬಿಗಿಯಿತು. ಮೇಲೆ ಒಂದರ ಹಿಂದೆ ಒಂದು ಹಾಡು ಮುಗಿಯಿತು. ಕೊನೆಯದೂ ನಿಂತಿತು. ಮನೆಯೆಲ್ಲ ಗಪ್ಪಾಯಿತು. ಇದೇ ಸೂರಿನ ಮೇಲೆ, ನನ್ನ ತಲೆಯ ನೇರಕ್ಕೆ, ಮಾಮಾ ಕೂತಿದ್ದಾರೆ ಎಂದು ಆ ಕ್ಷಣದಲ್ಲಿ ನಾನು ನಂಬಿದೆ. ಓಡಿದರೆ ಓಡಲಿ ಎಂದು ಹಾಡಲು ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆಯ ದನಿ ಕೇಳಿತು. ಮಂಗಳದ ಪದ, ಅದೇ ಎಳೆತ, ಸಾಲಿನ ಕೊನೆಗೆ ಅದೇ ತಗ್ಗು. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಭಾಗ್ಯ ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು.

ಮುಗಿಯುವವರೆಗೆ ಬಾಗಿಲಲ್ಲೇ ನಿಂತೆ. "ನಿಂಗ ಇದು ಹೆಂಗ ಬಂತು?"

"ಅತ್ತಿ ಕಲಿಸಿದ್ರು. ನಿಮಗ ಹೇಳಬ್ಯಾಡ ಅಂದಿದ್ರು, ನೀವು ಎಲ್ಲಾದಕ್ಕೂ ಭಾಷಣ ಮಾಡತೀರಂತ." ಅವಳು ರೊಟ್ಟಿ ತಿರುವಿದಳು. "ಆ ಹುಡುಗಿ ಬಂದಾಗಿಂದ ದಿನಾ ಹಚ್ಚತಾಳ, ನೀವು ವಾಕಿಂಗಿಗಿ ಹೋದಾಗ. ನಾ ದಿನಾ ಹಾಡತೇನಿ."

ಮೇಲೆ ಕುರ್ಚಿ ಸರಿದ ಸಪ್ಪಳವಾಯಿತು. ಆಮೇಲೆ ಹೆಜ್ಜೆ. ಕಡಗಂಚಿಯ ಬಸ್ಸಿನ ಹೊತ್ತು, ದೀಪಾಳೇ ಹೊರಟಿರಬೇಕು. ಹೊರಗಿನ ಮೆಟ್ಟಿಲು ನಮ್ಮ ಅಡುಗೆಮನೆಯ ಕಿಟಕಿಯ ಮಗ್ಗುಲಿಗೇ ಇಳಿಯುತ್ತದೆ. ಹೆಜ್ಜೆಗಳು ಒಂದೊಂದೇ ಇಳಿದು ಕಿಟಕಿಯ ಹತ್ತಿರ ಬಂದವು. ಭಾಗ್ಯ ರೊಟ್ಟಿಯನ್ನು ಅಲ್ಲಿಗೇ ಬಿಟ್ಟು ಎದ್ದಳು. ಕಿಟಕಿಯ ಕಡೆ ನೋಡದೆ, ಹಿಟ್ಟಿನ ಕೈಯಲ್ಲೇ ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಸರಿದು ನಿಂತಳು, ಮನೆಯ ಹಿರಿಯರು ಹಾದುಹೋಗುವಾಗ ನಮ್ಮ ಕಡೆಯ ಸೊಸೆಯಂದಿರು ನಿಲ್ಲುವ ಹಾಗೆ.